ಮಣ್ಣಿನಲ್ಲಿಟ್ಟ ತಮಟೆ

ಹಳೇಬೀಡಿಗೆ ಬಂದವರೆಲ್ಲ ಗುಡಿಯ ಗೋಡೆಯ ಆನೆಗಳನ್ನು ನೋಡಿ, ಕೆರೆ ಏರಿಯ ಮೇಲೆ ಫೋಟೋ ತೆಗೆಸಿಕೊಂಡು, ಬಸ್ಸು ಹತ್ತಿ ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ 2003ರಲ್ಲಿ ಬಂದು, ಬಸ್ಸು ಹತ್ತದೆ ಇಲ್ಲೇ ಬೇರು ಬಿಡಲು ನೋಡಿದವರ ಮೇಲೆ. ಊರಂಚಿನ ನಮ್ಮ ಕೊಪ್ಪಲಿನ ಪಕ್ಕದ ಬಯಲಿನಲ್ಲಿ ಅವರು ಎರಡಾಳೆತ್ತರದ ಬೋರ್ಡು ನೆಟ್ಟರು. ಅದರಲ್ಲಿ ನಮ್ಮದೇ ಗುಡಿಯ ಶಿಲಾಬಾಲಿಕೆ, ಅವಳ ಮಗ್ಗುಲಲ್ಲಿ ಈಜುಕೊಳ, ಕೆಳಗೆ ‘ಶಿಲ್ಪಶ್ರೀ ಗಾರ್ಡನ್ ಸಿಟಿ, ಆರುನೂರು ನಿವೇಶನಗಳು’ ಎಂಬ ಅಕ್ಷರ. ಎಂಟುನೂರು ವರ್ಷ ಹಳೆಯ ಹೆಣ್ಣೊಬ್ಬಳನ್ನು ಈಜುಕೊಳದ ದಡದಲ್ಲಿ ನಿಲ್ಲಿಸಲು ಅವರಿಗೆ ನಾಚಿಕೆಯಾಗಲಿಲ್ಲ. ಆರುನೂರು ಮನೆಗಳ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಬೋರ್ಡು ಹೇಳುತ್ತಿರಲಿಲ್ಲ. ಕೆರೆಗೆ ಹೋಗುತ್ತದೆ, ಇನ್ನೆಲ್ಲಿಗೆ?

ಆ ಬೋರ್ಡನ್ನು ಕೀಳಿಸಿದವರು ಗಂಗಯ್ಯ. ಅದಕ್ಕಾಗಿ ಅವರು ಏನು ಮಾಡಬೇಕಾಯಿತು, ಯಾರ ತಪ್ಪಿಗೆ ಮಾಡಬೇಕಾಯಿತು ಎಂಬುದು ನನಗೆ ಚೆನ್ನಾಗಿ ಗೊತ್ತು. ನಾನು ಇಂದುಧರ. ನಾಡಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತೊಂದು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಜನ ಹೇಳುತ್ತಾರೆ. ಆ ಮುತ್ತಿನಂಥ ಅಕ್ಷರಕ್ಕಿಷ್ಟು ಬೆಂಕಿ ಹಾಕಬೇಕು.

ಗಂಗಯ್ಯ ನಮ್ಮ ಕೊಪ್ಪಲಿನ ಗ್ರಾಮ ಸಹಾಯಕ. ಅವರಪ್ಪ, ತಾತನ ಕಾಲಕ್ಕೆ ಅದೇ ಕೆಲಸಕ್ಕೆ ತೋಟಿ ಎನ್ನುತ್ತಿದ್ದರು. ಉದ್ದ ಆಳು, ಹೆಗಲಿಗೆ ನೋಟೀಸುಗಳ ಚೀಲ, ಎಡಗೈಯಲ್ಲಿ ತಮಟೆ. ಸರ್ಕಾರದ ಸುದ್ದಿಯಿರಲಿ, ಊರಿನ ಸಾವಿರಲಿ, ಕೆರೆ ತೂಬು ಎತ್ತುವ ದಿನವಿರಲಿ, ಮೊದಲು ಅವರ ತಮಟೆ ಹೇಳಬೇಕು, ಆಮೇಲೆ ನಮಗೆ ಗೊತ್ತಾಗಬೇಕು. ಸಾವಿನ ಪೆಟ್ಟು ಬೇರೆ, ನೋಟೀಸಿನ ಪೆಟ್ಟು ಬೇರೆ. ಒಳಗೆ ರೊಟ್ಟಿ ತಟ್ಟುತ್ತಿದ್ದ ಹೆಂಗಸರು ಪೆಟ್ಟು ಕೇಳಿಯೇ ಹೊರಗೆ ಬರಬೇಕೋ ಬೇಡವೋ ತೀರ್ಮಾನಿಸುತ್ತಿದ್ದರು. ಆಗೆಲ್ಲ ನಾವು ಅವರನ್ನು ಕರೆಯುತ್ತಿದ್ದುದು ‘ಏ ಗಂಗ’ ಎಂದೇ.

1996ರ ಶ್ರಾವಣದಲ್ಲಿ ಒಂದೇ ಬೆಳಿಗ್ಗೆ ಕೊಪ್ಪಲಿನಲ್ಲಿ ಎರಡು ಸಾವಾದವು. ಒಂದು ತೆಂಗಿನ ತೋಟದ ಕೆಂಚಪ್ಪನ ತಾಯಿ ರುದ್ರಮ್ಮ, ತೊಂಬತ್ತು ದಾಟಿದ್ದ ಜೀವ. ಇನ್ನೊಂದು ಗಂಗಯ್ಯನ ಹೆಂಡತಿ ದ್ಯಾವಮ್ಮ, ಮೂರು ದಿನದ ಜ್ವರ, ನಲವತ್ತೈದರ ವಯಸ್ಸು. ರುದ್ರಮ್ಮನ ಹೆಣ ಕೂರಿಸಿ ಹೊರಲು ಬಿದಿರಿನ ವಿಮಾನ ಕಟ್ಟುತ್ತಿದ್ದೆವು, ನಾನೂ ಹೂ ಸುತ್ತುತ್ತಿದ್ದೆ. ಆಗ ಗಂಗಯ್ಯ ಬರಿಗೈಯಲ್ಲಿ ಬಂದು ಅಂಗಳದಾಚೆ ನಿಂತರು.

“ಬುದ್ಧಿ, ನನ್ನೆಂಡ್ರು ಹೋಗ್ಬುಟ್ಲು. ಇವತ್ತು ಬರಾಕಾಗಕಿಲ್ಲ.”

ಕೆಂಚಪ್ಪ ತಲೆಯೆತ್ತಿಯೂ ನೋಡಲಿಲ್ಲ. “ಅವಳನ್ನ ಸಾಯಂಕಾಲ ಮಣ್ಣು ಮಾಡೀಯಂತೆ, ಹೋಗ್ಲಾ. ನಮ್ಮವ್ವ ಕಾಯಕ್ಕಾಯ್ತದಾ? ತಮಟೆ ತಗೊಂಬಾ.”

ಅಲ್ಲಿ ನಾವು ಇಪ್ಪತ್ತು ಜನ ಇದ್ದೆವು. ಒಬ್ಬನ ಬಾಯಿಂದಲೂ ‘ಬಿಡಿ ಪಾಪ’ ಎಂಬ ಒಂದು ಮಾತು ಬರಲಿಲ್ಲ. ಗಂಗಯ್ಯ ಹೋಗಿ ತಮಟೆ ತಂದು, ಹುಲ್ಲಿನ ಬೆಂಕಿಯಲ್ಲಿ ಕಾಯಿಸಿ, ವಿಮಾನದ ಮುಂದೆ ಮೂರು ತಾಸು ಬಾರಿಸಿದರು. ಸಂಜೆ ತಮ್ಮ ಕೇರಿಯವರ ಮಸಣದಲ್ಲಿ ದ್ಯಾವಮ್ಮನನ್ನು ಮಣ್ಣಿಗಿಟ್ಟಾಗ ತಮಟೆಯನ್ನೂ ಅವಳ ಎದೆಯ ಮೇಲೆ ಕವುಚಿಟ್ಟರಂತೆ. ಅವತ್ತಿನಿಂದ ಅವರು ತಮಟೆ ಮುಟ್ಟಿಲ್ಲ. ನೋಟೀಸು ಬಂದರೆ ಮನೆಮನೆಗೆ ಹೋಗಿ ಬಾಯಲ್ಲೇ ಹೇಳಿ ಬರುತ್ತಿದ್ದರು.

ಊರಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಕಾರ್ತೀಕದಲ್ಲಿ ಇನ್ನೊಂದು ಸಾವಾಗಿ, ಗಂಗಯ್ಯ ‘ಬರಲ್ಲ’ ಎಂದಾಗ, ಮಠದ ಜಗಲಿಯ ಮೇಲೆ ಪಂಚಾಯ್ತಿ ಸೇರಿತು. ಕೆಂಚಪ್ಪನೇ ಮುಂದಾಳು. ಗಂಗಯ್ಯನ ಮನೆಗೆ ಅಂಗಡಿ ಸಾಮಾನಿಲ್ಲ, ರಾಗಿ ಬೀಸಿಕೊಡುವಂತಿಲ್ಲ, ಕೂಲಿಯಿಲ್ಲ, ಮಾತಿಲ್ಲ. ಕಾರಣ: ತಮಟೆ ಬಾರಿಸಲು ಒಪ್ಪುತ್ತಿಲ್ಲ. ಹೀಗೆಂದು ಕಾಗದ ಬರೆದು ಏಳು ಜನ ಸಹಿ ಹಾಕಿದರು. ಬರೆದುಕೊಟ್ಟವನು ನಾನು. ‘ತಕ್ಕುದಾದ ಶಿಸ್ತು’ ಎಂಬ ಮಾತನ್ನು ಬೇರೆ ಸೇರಿಸಿ, ಚೆಂದವಾಯಿತೆಂದು ಒಳಗೊಳಗೇ ಬೀಗಿದೆ. ನಾನು ಬರೆದದ್ದಕ್ಕೆಲ್ಲ ಕರಡು ಇಟ್ಟುಕೊಳ್ಳುವ ಅಭ್ಯಾಸ ನನಗೆ. ಅದಕ್ಕೂ ಏಳು ಜನರ ಸಹಿ ಹಾಕಿಸಿ, ಮಡಿಸಿ ಜೇಬಿಗಿಟ್ಟುಕೊಂಡು, ಮನೆಯ ತಗಡಿನ ಪೆಟ್ಟಿಗೆಗೆ ಸೇರಿಸಿದೆ.

ಏಳು ತಿಂಗಳು ಗಂಗಯ್ಯ ರಾಗಿ ಮೂಟೆ ಹೊತ್ತು ಮೂರು ಮೈಲಿ ನಡೆದು ಬೀಸಿಸಿಕೊಂಡು ಬಂದರು. ಆಮೇಲೆ ತೆಂಗಿನಕಾಯಿ ಕೀಳುವ, ಸುಲಿಯುವ ಕಾಲ ಬಂತು. ಗಂಗಯ್ಯನ ಪರ ನಿಂತ ಕೇರಿಯಿಂದ ಒಬ್ಬ ಆಳೂ ಬರಲಿಲ್ಲ. ಕೆಂಚಪ್ಪನ ತೋಟದಲ್ಲಿ ಕಾಯಿ ಉದುರಿ ಮೊಳಕೆಯೊಡೆಯಿತು. ಬಹಿಷ್ಕಾರ ಸದ್ದಿಲ್ಲದೆ ಸತ್ತಿತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟರಲ್ಲಿ ಗಂಗಯ್ಯನ ಮಗ ಮಧುಕುಮಾರ್ ಅರಸೀಕೆರೆಯಲ್ಲಿ ಮೇಷ್ಟರಾಗಿ, ಬೌದ್ಧ ದೀಕ್ಷೆ ತೆಗೆದುಕೊಂಡು, ಅಪ್ಪನ ಮನೆಯಲ್ಲೂ ಬುದ್ಧನ ಪಟ ಹಾಕಿದ. ಗಂಗಯ್ಯ ‘ಬುದ್ಧಿ’ ಎನ್ನುವುದನ್ನು ಬಿಟ್ಟು ನನ್ನನ್ನು ‘ಇಂದುಧರಪ್ಪೋರೆ’ ಎಂದು ಕರೆಯತೊಡಗಿದರು. ಮೊದಲ ಸಲ ಕೇಳಿದಾಗ ನನಗೆ ಮೈ ಉರಿದದ್ದು ನಿಜ.

ಈಗ 2003ರ ಸುದ್ದಿ. ಬಡಾವಣೆಯ ನಕ್ಷೆಯೊಳಗೆ ಎರಡು ಜಾಗ ಸೇರಿಹೋಗಿದ್ದವು. ಒಂದು, ಕೆರೆಗೆ ನೀರು ತರುವ, ಕೆಂಚಪ್ಪನ ತೋಟದ ಪಕ್ಕದ ಹಳೆಯ ಕಾಲುವೆ. ಇನ್ನೊಂದು, ಕೇರಿಯವರ ಮಸಣ. ಪಹಣಿಯಲ್ಲಿ ಅದು ಮಸಣವೆಂದಿಲ್ಲ, ಬರೀ ‘ಖರಾಬು’, ಅಂದರೆ ಉಳುಮೆಗೆ ಬಾರದ ನೆಲ ಎಂದಿತ್ತು. ತಕರಾರಿದ್ದವರು ಮೂವತ್ತು ದಿನದೊಳಗೆ ಹೇಳಬೇಕು, ಅದಕ್ಕಾಗಿ ನೋಟೀಸನ್ನು ಊರಲ್ಲಿ ಸಾರಬೇಕು ಎಂಬುದು ನಿಯಮ. ಆ ನೋಟೀಸನ್ನು ಯಾರೂ ಎಲ್ಲೂ ಅಂಟಿಸಲಿಲ್ಲ, ಸಾರಲಿಲ್ಲ. ಗಂಗಯ್ಯನ ಚೀಲಕ್ಕೆ ಅದು ಬರಲೇ ಇಲ್ಲ. ನನ್ನ ಮೇಜಿಗೆ ಮಾತ್ರ ಕಚೇರಿಯಿಂದ ಒಂದು ಕಟ್ಟು ಕಾಗದ ಬಂತು, ನೋಟೀಸು ಸಾರಿದ್ದಕ್ಕೆ ಮಹಜರು ಬರೆದುಕೊಡಿ ಎಂದು. ನನ್ನ ಕೈ ಮೂವತ್ತು ವರ್ಷದ ಜಾಡಿನಲ್ಲೇ ಓಡಿತು: ‘ಗ್ರಾಮ ಸಹಾಯಕ ಗಂಗಯ್ಯನಿಂದ ತಮಟೆ ಬಾರಿಸಿ ಸಾರಿಸಲಾಯಿತು.’ ತಮಟೆ ಮಣ್ಣು ಸೇರಿ ಏಳು ವರ್ಷವಾಗುತ್ತ ಬಂದಿತ್ತು. ನೆನಪಾಗಲಿಲ್ಲ. ಪಂಚರ ಸಹಿ ಬೇಕಿತ್ತು. ಕೆಂಚಪ್ಪ ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಗೆ ಹೊರಟವನು, ಬಸ್ಸು ಬಂತೆಂದು ನಿಂತ ಕಾಲಲ್ಲೇ, ಓದದೆ ಸಹಿ ಎಳೆದು ಓಡಿದ. ತನ್ನ ಕಾಲುವೆಗೆ ತಾನೇ ಕಲ್ಲು ಹಾಕಿಕೊಂಡ.

ಜೆಸಿಬಿ ಬಂದು ಕಾಲುವೆಗೆ ಮಣ್ಣು ತುಂಬತೊಡಗಿದಾಗಲೇ ಊರಿಗೆ ಎಚ್ಚರವಾದದ್ದು. ಗಂಗಯ್ಯ ತಕರಾರು ಅರ್ಜಿ ಕೊಟ್ಟರು, ಕೆಂಚಪ್ಪನೂ ಕೊಟ್ಟ. ಎರಡನ್ನೂ ಬರೆದವನು ನಾನೇ. ಎರಡೂ ಅರ್ಜಿ ಹನ್ನೊಂದು ದಿನ ತಡವಾಗಿದ್ದವು. ತಡವೇಕೆಂದು ಕೇಳಲು ಮೇಲಿನ ಸಾಹೇಬರು ವಿಚಾರಣೆಗೆ ಕರೆದರು. ಬಾಗಿಲ ಬಳಿ ನಾನೂ ನಿಂತಿದ್ದೆ.

ಕಂಪನಿಯ ವಕೀಲ ಮಹಜರನ್ನು ಎತ್ತಿ ಹಿಡಿದು, “ತಮಟೆ ಬಾರಿಸಿ ಸಾರಿದ್ದಾರೆ ಸಾರ್. ಬಾರಿಸಿದವರೇ ಈಗ ಗೊತ್ತಿರಲಿಲ್ಲ ಅಂತಿದಾರೆ” ಎಂದು ನಕ್ಕ. “ಅಲ್ಲಿ ಮಸಣವೂ ಇಲ್ಲ. ಬರೀ ಕಲ್ಲು, ಲಂಟಾನ.”

“ನಾನು ತಮಟೆ ಬಾರ್ಸಿ ಏಳು ವರ್ಸ ಆಗ್ತಾ ಬಂತು ಸಾಮಿ,” ಎಂದರು ಗಂಗಯ್ಯ. “ಇಡೀ ಊರಿಗೆ ಗೊತ್ತೈತೆ.”

ಸಾಹೇಬರು ತಲೆಯೆತ್ತಿದರು. “ಊರಲ್ಲಿ ಯಾರಾದ್ರೂ ಇದನ್ನ ಹೇಳ್ತೀರಾ? ಏನಾದ್ರೂ ಬರಹ ಇದೆಯಾ?”

ಇತ್ತು. ‘ತಮಟೆ ಬಾರಿಸಲು ಒಪ್ಪುತ್ತಿಲ್ಲ’ ಎಂದು ಏಳು ಸಹಿಯಿದ್ದ ಕಾಗದ ಇತ್ತು. ಅದನ್ನು ತೋರಿಸಿದರೆ ಮಹಜರು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಆದರೆ ತೋರಿಸಿದವರು ಜಾತಿ ಬಹಿಷ್ಕಾರ ಹಾಕಿದ್ದಕ್ಕೆ ಜೈಲಿಗೆ ಹೋಗಬೇಕಿತ್ತು. ಕೆಂಚಪ್ಪ ತನ್ನ ಚಪ್ಪಲಿಯ ಉಂಗುಷ್ಠವನ್ನೇ ನೋಡುತ್ತ ನಿಂತ. ಕಾಲುವೆ ಹೋದರೆ ತೋಟ ಒಣಗುತ್ತದೆ ಎಂದು ವಾರವೆಲ್ಲ ಕೂಗಾಡಿದ್ದವನ ಬಾಯಿಗೆ ಬೀಗ ಬಿದ್ದಿತ್ತು. ಕೊಪ್ಪಲಿನ ನಲವತ್ತು ಜನ ಇದ್ದರು. ಒಬ್ಬ ಕೆಮ್ಮಿದ, ಅಷ್ಟೆ. ಕರಡು ನನ್ನ ಪೆಟ್ಟಿಗೆಯಲ್ಲಿತ್ತು. ನಾನು ಕೆಮ್ಮಲೂ ಇಲ್ಲ.

ಗಂಗಯ್ಯ ಒಮ್ಮೆ ಹಿಂದೆ ತಿರುಗಿ ನಮ್ಮನ್ನೆಲ್ಲ ನೋಡಿದರು.

“ಹಾಗಾದ್ರೆ ತಮಟೆ ಎಲ್ಲಪ್ಪಾ?” ವಕೀಲ ಕೇಳಿದ.

“ನನ್ನೆಂಡ್ರು ಗುಂಡೀಲೈತೆ. ಅವಳ ಎದೆ ಮ್ಯಾಲೆ ಇಟ್ಟು ಮಣ್ಣು ಮುಚ್ಚಿವ್ನಿ.”

ವಕೀಲ ಮತ್ತೆ ನಕ್ಕ. ಗಂಗಯ್ಯನ ದನಿ ಏರಲಿಲ್ಲ.

“ಅಗದು ನೋಡಿ ಸಾಮಿ. ಹೆಂಗೂ ಅಗಿಯಾಕೇ ಬಂದಿದ್ದೀರಲ್ಲ.”

ಸ್ಥಳ ತನಿಖೆ ಗುರುವಾರ ಬೆಳಿಗ್ಗೆ ಹತ್ತಕ್ಕೆಂದು ನಿಗದಿಯಾಯಿತು. ನಡುವೆ ನಾಲ್ಕು ದಿನವಿತ್ತು. ನಾಲ್ಕೂ ದಿನ ನಾನು ಆ ತಗಡಿನ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಊಟ ಮಾಡಿದೆ. ಪೆಟ್ಟಿಗೆಯ ಮುಚ್ಚಳ ತೆಗೆಯಲಿಲ್ಲ.

ಗುರುವಾರ ಮಧುಕುಮಾರ್ ಅರಸೀಕೆರೆಯಿಂದ ಬಂದವನು ಅಪ್ಪನ ಕೈಯಿಂದ ಗುದ್ದಲಿ ಕಿತ್ತುಕೊಳ್ಳಲು ನೋಡಿದ. “ಬೇಡ ಕಣಪ್ಪಾ. ಹೋದ್ರೆ ಹೋಗ್ಲಿ ಜಾಗ. ಅವ್ವನ್ನ ಎಬ್ಬಿಸ್ಬೇಡ.”

“ನಾನು ಅಗೀದಿದ್ರೆ ಜೆಸಿಬಿ ಅಗೀತದೆ ಕಣ್ಲಾ. ಅದಕ್ಕೆ ಅವಳು ಯಾರು ಅಂತ ಗೊತ್ತಾ?”

ಆಳು ಕೊಡುತ್ತೇವೆಂದರೂ ಗಂಗಯ್ಯ ಒಪ್ಪಲಿಲ್ಲ. ತಲೆಗಲ್ಲು ಯಾವುದು ಎಂದು ಹುಡುಕಲೂ ಇಲ್ಲ, ನೇರ ಹೋಗಿ ನಿಂತು ಅಗೆದರು. ಎದೆಮಟ್ಟ ಇಳಿದ ಮೇಲೆ ಗುದ್ದಲಿ ಬಿಟ್ಟು ಕೈಯಲ್ಲಿ ಬಗೆದರು. ಹೆಗಲ ಮೇಲಿನ ಟವೆಲು ತೆಗೆದು ಗುಂಡಿಯ ಒಂದು ಕಡೆ ಹಾಸಿದರು. ಅದು ಮುಖದ ಕಡೆ ಎಂದು ನಮಗೆಲ್ಲ ಗೊತ್ತಾಯಿತು. ಸಾಹೇಬರು ಬೂಟು ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಗಂಗಯ್ಯ ತುಕ್ಕು ಹಿಡಿದ ಕಬ್ಬಿಣದ ಬಳೆಯೊಂದನ್ನು ಎತ್ತಿ ಹಿಡಿದರು. ತಮಟೆಯ ಚರ್ಮ ಹೋಗಿತ್ತು, ಬಳೆ ಉಳಿದಿತ್ತು, ಅಂಚಿನಲ್ಲಿ ಒಣಗಿದ ಬಾರಿನ ಚೂರೊಂದು ಅಂಟಿಕೊಂಡಿತ್ತು.

“ಬರ್ಕೊಳ್ಳಿ ಸಾಮಿ,” ಎಂದರು ಗುಂಡಿಯೊಳಗಿಂದಲೇ. “ತಮಟೆ ಇಲ್ಲೈತೆ. ಮಸಣಾನೂ ಇಲ್ಲೇ ಐತೆ.”

ವಕೀಲ ಕಾರಿನ ಕಡೆ ನಡೆದುಬಿಟ್ಟ. ಗಂಗಯ್ಯ ಬಳೆಯನ್ನು ಮೊದಲಿದ್ದಲ್ಲೇ ಇಟ್ಟು ಮಣ್ಣು ಮುಚ್ಚಿದರು. ಗುದ್ದಲಿ ಹೆಗಲಿಗೇರಿಸಿದರು. ನೀರು ಕೊಡಲು ಹೋದ ಕೆಂಚಪ್ಪನ ಚೊಂಬನ್ನು ಅವರು ನೋಡಲೂ ಇಲ್ಲ.

ಮಹಜರು ರದ್ದಾಯಿತು. ಮೊದಲಿನಿಂದ ನೋಟೀಸಾಗಿ, ಈ ಸಲ ಆಟೋದಲ್ಲಿ ಮೈಕು ಕಟ್ಟಿ ಸಾರಿದರು. ತಕರಾರು ಇನ್ನೂರ ಹದಿನೇಳು ಬಂದವು. ಮಸಣ ಮಸಣವೆಂದೇ ದಾಖಲಾಯಿತು, ಕಾಲುವೆಯ ಮಣ್ಣು ತೆಗೆಸಿದರು. ನಡುವೆ ಎರಡು ತುಂಡಾದ ಜಾಗ ಕಂಪನಿಗೆ ಬೇಡವಾಯಿತು. ಶಿಲಾಬಾಲಿಕೆಯ ಬೋರ್ಡನ್ನು ಲಾರಿಗೆ ಹಾಕಿಕೊಂಡು ಹೋದ ದಿನ ಕೊಪ್ಪಲಿನವರು ಪಟಾಕಿ ಹೊಡೆದರು. ಕೆಂಚಪ್ಪ ಎಳನೀರಿನ ಗೊನೆ ಹೊರಿಸಿಕೊಂಡು ಕೇರಿಗೆ ಹೋಗಿ, “ಊರು ಉಳಿಸ್ದೆ ಕಣಯ್ಯಾ ಗಂಗಯ್ಯ” ಎಂದನಂತೆ. ಗಂಗಯ್ಯ ಬಾಗಿಲು ಹಾಕಿಕೊಂಡರಂತೆ.

ಮಾರನೆಯ ವಾರ ಅವರು ನನ್ನ ಮೇಜಿನ ಮುಂದೆ ಬಂದು, ಎಂದೂ ಕೂರದವರು, ಎದುರಿನ ಸ್ಟೂಲಿನ ಮೇಲೆ ಕೂತರು.

“ಇಂದುಧರಪ್ಪೋರೆ, ಒಂದು ಅರ್ಜಿ ಬರೀಬೇಕು.”

“ಏನಂತ?”

“ಆವತ್ತು ನಂಗೆ ಅಂಗಡಿ, ಗಿರಣಿ, ಮಾತು ಎಲ್ಲ ನಿಲ್ಸಿದ್ರಲ್ಲ, ಅದುನ್ನ ಪೊಲೀಸಿಗೆ.”

ನಾನು ಪೆನ್ನಿನ ಮುಚ್ಚಳ ಹಾಕಿದೆ. “ಅದಕ್ಕೆ ಸಾಕ್ಷಿ ಬೇಕಲ್ಲ ಗಂಗಯ್ಯ. ಕಾಗದ ಎಲ್ಲಿದೆ?”

“ನಿಮ್ಮತ್ರ ಐತೆ. ಆವತ್ತು ನೀವು ಒಂದ್ನ ಮಡ್ಸಿ ಜೇಬಿಗಿಟ್ಕೊಂಡ್ರಿ. ನಾನು ಜಗಲಿ ಕೆಳಗೆ ನಿಂತಿದ್ದೆ.”

“ಗೊತ್ತಿದ್ರೆ ವಿಚಾರಣೇಲಿ ಯಾಕೆ ಹೇಳ್ಲಿಲ್ಲ? ಸಾಹೇಬ್ರು ಕೇಳಿದ್ರಲ್ಲ! ಅವಳನ್ನ ಅಗೀಬೇಕಾಗಿರ್ಲಿಲ್ಲವಲ್ಲ!” ನಾನು ಅವರ ಮೇಲೇ ರೇಗಿದೆ. ನಾಚಿಕೆಗೆಟ್ಟ ಮನುಷ್ಯನಿಗೆ ಉಳಿಯುವುದು ಅದೊಂದೇ.

“ನೀವು ಹೇಳ್ತೀರಿ ಅಂತ ಕಾದೆ,” ಎಂದರು. “ಕಚೇರೀಲಿ ಕಾದೆ. ಆಮ್ಯಾಕೆ ನಾಕು ದಿನ ಕಾದೆ. ಗುದ್ದಲಿ ಎತ್ತೋ ಗಂಟ ಕಾದೆ.”

ಮನೆಗೆ ಹೋಗಿ ಪೆಟ್ಟಿಗೆಯಿಂದ ಕರಡು ತಂದೆ. ಮೇಜಿನ ಮೇಲೆ ಹೊಸ ಹಾಳೆ ಹರಡಿ ಬರೆಯತೊಡಗಿದೆ. ಕೆಂಚಪ್ಪನಿಂದ ಹಿಡಿದು ಏಳೂ ಜನರ ಹೆಸರು, ತಂದೆಯ ಹೆಸರು, ವಯಸ್ಸು ಬರೆದೆ. ಅಕ್ಷರ ಮುತ್ತಿನಂತೆ ಬರಲಿಲ್ಲ.

“ಆಯ್ತಾ?” ಎಂದರು ಗಂಗಯ್ಯ.

“ಇನ್ನೊಂದಿದೆ,” ಎಂದೆ.

ಎಂಟನೆಯದಾಗಿ ನನ್ನ ಹೆಸರು ಬರೆದು, ಮುಂದೆ ‘ಸದರಿ ಬಹಿಷ್ಕಾರ ಪತ್ರವನ್ನು ಬರೆದವನು’ ಎಂದು ಸೇರಿಸಿ, ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಅವರು ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಎಂಟನೆಯದನ್ನೂ ಓದಿದರು. ಆಮೇಲೆ ನನ್ನ ಪೆನ್ನು ಇಸಿದುಕೊಂಡು ಕೆಳಗೆ ಸಹಿ ಹಾಕಿದರು.