ಸೊಸೆಯ ಬೆರಳಿಗೆ ನಾಲಿಗೆ ಹಚ್ಚಿದ್ದು

ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮನೆ. ಅಂಗಳದ ತುಂಬ ಕಾಯಿ ಸುರಿದುಕೊಂಡು ತೊಟ್ಟು ಬಿಡಿಸುತ್ತೇವೆ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುತ್ತಾರೆ. ಅನ್ನುವವರು ಆ ಕೈಯಲ್ಲಿ ಒಮ್ಮೆ ಕಣ್ಣುಜ್ಜಿಕೊಂಡು ನೋಡಲಿ. ಅದಕ್ಕೇ ತಾಯಿಯಾದವಳು ಕೈ ತೊಳೆದ ಮೇಲೆ ಹಿರಿಯಳೊಬ್ಬಳು ಅವಳ ಬೆರಳಿಗೆ ನಾಲಿಗೆ ಹಚ್ಚಿ ನೋಡಬೇಕು, ಆಮೇಲೆ ಅವಳು ಕೂಸನ್ನು ಎತ್ತಿಕೊಳ್ಳಬೇಕು. ಇದು ನಮ್ಮ ಮನೆಯ ರೂಢಿ.

ಸೊಸೆ ಬಾಣಂತನ ಮುಗಿಸಿ ರಾಣೆಬೆನ್ನೂರಿನ ತವರಿನಿಂದ ಬಂದವಳು ಹತ್ತು ಸಲ ಕೈ ತೊಳೆಯತೊಡಗಿದಳು. ಶುಚಿಯ ಹೆಣ್ಣು ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಬರಬರುತ್ತ ಕಾಯಿ ಮುಟ್ಟುವುದನ್ನೇ ಬಿಟ್ಟಳು, ತೊಳೆಯುವುದನ್ನು ಬಿಡಲಿಲ್ಲ. ಬೆರಳ ಸಂದಿ ಬಿರಿದು ರಕ್ತ ಬಂತು. ಕೂಸು ಅತ್ತರೂ ಎತ್ತಲೊಲ್ಲಳು.

“ಅತ್ತೀ, ಇನ್ನೊಮ್ಮೆ ನೋಡ್ರಿ. ಖಾರ ಐತೇನು?”

“ಸಾಬೂನಿನ ರುಚಿ ಬಿಟ್ರ ಏನೂ ಇಲ್ಲವಾ. ನಿನ್ನ ಬೆರಳು ನೆಕ್ಕಿ ನೆಕ್ಕಿ ನನಗ ಊಟ ಸೇರವಲ್ದು.”

ನಕ್ಕಳು. ಮತ್ತೆ ಬಚ್ಚಲಿಗೆ ಹೋದಳು.

ಅವಳನ್ನು ಹಾವೇರಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. “ಮಿದುಳಿನ್ಯಾಗ ಒಂದು ಸುತ್ತುದಾರಿ ಐತ್ರಿ ಅಜ್ಜಿ. ‘ಹುಷಾರು’ ಅಂತ ಸುದ್ದಿ ಹೋಗ್ತೈತಿ. ತೊಳಕೊಂಡ ಮ್ಯಾಲ ‘ಸಾಕು’ ಅಂತ ಸುದ್ದಿ ಬರಬೇಕು. ನಿಮ್ಮ ಸೊಸಿಗೆ ಅದು ಗಟ್ಟ್ಯಾಗಿ ಬರವಲ್ದು. ಮೊದಲಿನ ಸುದ್ದೀನ ತಿರಗಾಕತ್ತೈತಿ.”

“ಹಂಗಂದ್ರ ಸೊಕ್ಕಲ್ಲ?”

“ಸೊಕ್ಕೂ ಅಲ್ಲ, ಹಟಾನೂ ಅಲ್ಲ. ಖಾರ ಇಲ್ಲಂತ ಅಕಿಗೂ ಗೊತ್ತೈತಿ. ಹಾಲು ಕುಡಸೋರಿಗೆ ನಡಿಯೋ ಗುಳಿಗಿ ಕೊಡ್ತೇನಿ. ಒಂದ ಸಲ ತೊಳದು ಕೂಸು ಎತ್ತೋದು ರೂಢಿ ಮಾಡಸ್ತೇವಿ. ಆದ್ರ ನೀವು ನೆಕ್ಕೋದು ಬಿಡ್ರಿ. ನೀವು ‘ಇಲ್ಲ’ ಅಂದಷ್ಟೂ ಅಕಿಗೆ ಮತ್ತ ಕೇಳಬೇಕನಸ್ತೈತಿ.”

ಉಪಕಾರ ಅಂದುಕೊಂಡು ನಾನು ಆ ಸುತ್ತಿಗೆ ಇನ್ನಷ್ಟು ಸುತ್ತು ಸೇರಿಸುತ್ತಿದ್ದೆ.

ವಾರಗಳು ಕಳೆದವು. ಒಂದು ಮಧ್ಯಾಹ್ನ ಕೂಸು ಹಸಿದು ಕಿರುಚಿತು. ಸೊಸೆ ಒಂದೇ ಸಲ ತೊಳೆದು, ಕೈಯನ್ನು ನನ್ನ ಮುಂದೆ ಹಿಡಿದಳು.

“ಇದೊಂದ ಸಲ ಅತ್ತಿ.”

“ಒಲ್ಲೆ.”

“ಕೂಸಿನ ಕಣ್ಣು ಹೋದ್ರ?”

ಹೋಗುವುದಿಲ್ಲ ಎಂಬ ಮಾತು ಬಾಯಿತನಕ ಬಂತು. ಅದನ್ನು ಅಂದರೂ ನೆಕ್ಕಿದ ಹಾಗೆಯೇ. ನುಂಗಿದೆ.

“ಡಾಕ್ಟರ್ ಏನಂದಾರ, ನಿನಗ ಗೊತ್ತೈತಿ.”

“ನೀವು ಮನಿಷ್ಯಾರೋ, ಕಲ್ಲೋ?”

“ಕಲ್ಲಂತ ತಿಳಿ.”

ಅಳುತ್ತ ನಿಂತಳು. ಕೂಸಿನ ಕಿರುಚಾಟ ಏರಿತು. ಕಡೆಗೆ ಬೆರಳು ಮಡಚಿಕೊಂಡು, ಮುಂಗೈಯಿಂದಲೇ ಎತ್ತಿದಳು. ಹಾಲು ಕುಡಿಸುವಷ್ಟು ಹೊತ್ತೂ ಅದರ ಕಣ್ಣನ್ನೇ ನೋಡುತ್ತಿದ್ದಳು. ಮುಗಿದೊಡನೆ ಬಚ್ಚಲಿಗೆ ಓಡಿದಳು. ನಾನು ತಡೆಯಲಿಲ್ಲ. ಕೂಸಿನ ಹೊಟ್ಟೆ ತುಂಬಿತ್ತು.