ನೆಲಮನೆಯ ಗಾಳಿ ನಿಂತ ಬೇಸಿಗೆ

ಈಗಿನವರು ಶೆಕೆಯಾದರೆ ಗೋಡೆಯ ಮೇಲಿನ ಗುಂಡಿ ಒತ್ತುತ್ತಾರೆ. ಪಂಖಾ ತಿರುಗದಿದ್ದರೆ ಇನ್ನೊಮ್ಮೆ ಒತ್ತಿ, ಬೈದು, ಆಮೇಲೆ ತಂತಿ ನೋಡುವವನಿಗೆ ಹೇಳಿ ಕಳಿಸುತ್ತಾರೆ. ನಿಜಾಮರ ರಾಜ್ಯದ ಆ ದಿನಗಳಲ್ಲಿ, ಬೀದರದ ನಮ್ಮ ಮನೆಯ ತಂಪು ನಿಂತುಹೋದಾಗ ಯಾರನ್ನು ಕರೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಅದು ಕೆಟ್ಟಿದೆಯೋ ಸತ್ತಿದೆಯೋ ಎಂಬುದೇ ನಮ್ಮಲ್ಲಿ ವಾದವಾಗಿತ್ತು.

ನನ್ನ ತವರು ಭಾಲ್ಕಿ. ಅಲ್ಲಿ ಬೇವಿನ ಮರದ ಕೆಳಗೆ ಹೊರಸು ಹಾಕಿ ಮಲಗಿದರೆ ಬೇಸಿಗೆಯ ಏರ್ಪಾಡು ಮುಗಿಯಿತು. ಬೀದರಕ್ಕೆ ಸೊಸೆಯಾಗಿ ಬಂದ ಮೇಲೆ ಗಂಡನ ಅಜ್ಜಿ, ನಾವೆಲ್ಲ ಆಯಿ ಎನ್ನುತ್ತಿದ್ದವರು, ನನ್ನ ಕೈಹಿಡಿದು ಮೆಟ್ಟಿಲಿಳಿಸಿ ನೆಲಮನೆ ತೋರಿಸಿದರು. ಮನೆಯ ಅಡಿಯಲ್ಲಿ ಕಲ್ಲಿನ ಒಂದು ಕೋಣೆ. ಅದರ ಗೋಡೆಯಲ್ಲಿ ಮೊರದಗಲದ ಒಂದು ಕಿಂಡಿ. ಕಿಂಡಿಯ ಆಚೆ ಕತ್ತಲೆ. ಬಾದಶಹರ ಕಾಲದಲ್ಲಿ ಊರಿಗೆ ನೀರು ತರಲು ಬಂಡೆ ಕೊರೆದು ಮಾಡಿದ ಸುರಂಗವಂತೆ ಅದು. ನೀರು ಎಂದೋ ಬೇರೆ ದಾರಿ ಹಿಡಿದಿತ್ತು, ಗಾಳಿ ಮಾತ್ರ ಉಳಿದಿತ್ತು. ಹೊರಗೆ ಬಿಸಿಲು ಏರಿದಷ್ಟೂ ಕಿಂಡಿಯಿಂದ ತಣ್ಣನೆಯ ಗಾಳಿ ಸುಳಿಸುಳಿದು ಬರುತ್ತಿತ್ತು. ಮೊದಲೇ ಬೀದರದವರು, ಮೇಲೆ ಇಂಥದೊಂದು ಕಿಂಡಿ. ಭಾಲ್ಕಿಯವಳಾದ ನನ್ನ ಮುಂದೆ ಅದರ ಜಂಬ ಕೊಚ್ಚದ ದಿನವಿರಲಿಲ್ಲ.

ನನ್ನ ಚೊಚ್ಚಲ ಮಗ ಅಂಬೆಗಾಲಿಡುತ್ತಿದ್ದ ವರ್ಷ, ಯುಗಾದಿ ಕಳೆದ ಮೇಲೆ, ಆಯಿಯ ಗಂಡ ಲಿಂಗೈಕ್ಯರಾದರು. ಅವರನ್ನು ನಾವು ಮುತ್ಯಾ ಎನ್ನುತ್ತಿದ್ದೆವು. ಅವರು ಕೊನೆಯುಸಿರೆಳೆದದ್ದು ಆ ನೆಲಮನೆಯಲ್ಲಿಯೇ, ಕಿಂಡಿಯ ಕಡೆಗೆ ಮುಖಮಾಡಿ. ಗೋಳು, ನೆಂಟರು, ಊಟೋಪಚಾರ ಎಲ್ಲ ಮುಗಿದು ನಾವು ಮಧ್ಯಾಹ್ನದ ನಿದ್ದೆಗೆಂದು ಕೆಳಗಿಳಿದರೆ ಅಲ್ಲಿ ಗಾಳಿ ಇರಲಿಲ್ಲ.

ಗಾಳಿ ಇಲ್ಲ ಎಂದರೆ ಸಾಲದು. ಯಾರೋ ಉಸಿರು ಬಿಗಿಹಿಡಿದು ನಮ್ಮನ್ನೇ ನೋಡುತ್ತಿದ್ದ ಹಾಗಿತ್ತು. ಮುತ್ಯಾ ಮಲಗಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪದ ಕುಡಿ ಮಿಸುಕುತ್ತಿರಲಿಲ್ಲ. ಕೆಲಸದ ಹೆಂಗಸು ಮೆಟ್ಟಿಲ ಮೇಲೆಯೇ ಕೊಡ ಇಟ್ಟು ಹಿಂದೆ ನೋಡದೆ ಹೋಗುತ್ತಿದ್ದಳು. ಮಾವನವರು ಒಮ್ಮೆ ಇಳಿದು ಬಂದು, ಗೋಡೆ ಮುಟ್ಟಿ ನೋಡಿ, "ಮನಿ ಉಸರು ಅಪ್ಪನ ಜೋಡಿ ಹೋಯ್ತು ಬಿಡ್ರಿ," ಎಂದು ತೀರ್ಪು ಕೊಟ್ಟರು.

ಅಷ್ಟಕ್ಕೇ ಬಿಡಬಹುದಿತ್ತು, ನನ್ನ ಕೂಸಿಗೆ ಝಳ ಬಡಿಯದೆ ಇದ್ದರೆ. ಮೈ ಕಾದ ಹಂಚಾಯಿತು. ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ಹಕೀಮರು ನಾಡಿ ಹಿಡಿದು, ಶರಬತ್ತು ಕೊಟ್ಟು, ಔಷಧಕ್ಕಿಂತ ತಂಪು ಮುಖ್ಯ, ಕೂಸನ್ನು ತಂಪಿನಲ್ಲಿ ಇಡದಿದ್ದರೆ ದಕ್ಕುವುದಿಲ್ಲ ಎಂದು ಹೇಳಿಹೋದರು. ಗಂಡ ವ್ಯಾಪಾರಕ್ಕೆಂದು ಔರಾದಕ್ಕೆ ಹೋಗಿದ್ದ. ಭಾಲ್ಕಿಗೆ ಒಯ್ಯೋಣವೆಂದರೆ ಆ ಬಿಸಿಲಿನಲ್ಲಿ ಎತ್ತಿನ ಗಾಡಿಯಲ್ಲಿ ಕೂಸು ಅರ್ಧ ದಾರಿಯನ್ನೂ ಕಾಣುತ್ತಿರಲಿಲ್ಲ. ಬಾಗಿಲಿಗೆ ಕಟ್ಟಿದ ಲಾವಂಚದ ಖಸ್ ತಟ್ಟಿಗೆ ನೀರು ಎರಚಿ ಎರಚಿ ನನ್ನ ಕೈ ಸೋತವು.

ಮಾವನವರು ಗಳಕ್ಕೆ ಬಟ್ಟೆ ಸುತ್ತಿ ಕಿಂಡಿಯೊಳಗೆ ಆಡಿಸಿದರು. ಜೇಡರ ಬಲೆ, ಒಣಗಿದ ಒಂದು ಬಾವಲಿ, ಹಿಡಿ ಮಣ್ಣು ಬಂದವು, ಗಾಳಿ ಬರಲಿಲ್ಲ. ಮೇಲಿನ ಬಾಗಿಲು ತೆರೆದು ನೋಡಿದೆವು, ಮುಚ್ಚಿ ನೋಡಿದೆವು. ಆಯಿ ಕಿಂಡಿಯ ಮುಂದೆ ಕೆಂಡದ ಮೇಲೆ ಲೋಬಾನ ಹಾಕಿದರು. ಹೊಗೆ ಅತ್ತಿತ್ತ ಬಾಗದೆ ನೆಟ್ಟಗೆ ಎದ್ದು ಚಾವಣಿಗೆ ತಾಗಿತು. ನಾನು ಕೂಸನ್ನು ಎತ್ತಿಕೊಂಡು ಕಿಂಡಿಗೆ ಕಿವಿಯಿಟ್ಟೆ. ಕೂಸು ಏದುಸಿರು ಬಿಟ್ಟಿತು. ತುಸು ತಡೆದು ಒಳಗಿನಿಂದಲೂ ಒಂದು ಏದುಸಿರು ಬಂತು. ನಾನು ಹೌಹಾರಿ ಹಿಂದಕ್ಕೆ ಸರಿದೆ. ಅದು ಮಾರ್ದನಿ ಎಂದು ಆಮೇಲೆ ಹೊಳೆಯಿತು.

ಆದರೆ ಹೆದರಿಕೆಯ ಹಿಂದೆಯೇ ನನಗೆ ಇನ್ನೊಂದು ನೆನಪಾಯಿತು. ಮುತ್ಯಾ ಹೋದ ದಿನ ಆ ದೀಪ ಹಚ್ಚಿದವಳು ನಾನೇ. ಮುತ್ಯಾ ತೀರಿಕೊಂಡದ್ದು ಮುಂಜಾನೆ, ದೀಪವೋ ಮಧ್ಯಾಹ್ನದವರೆಗೆ ಗಾಳಿಗೆ ಆರಿ ಆರಿ ಹೋಗಿ, ಕೊನೆಗೆ ಮೊರ ಅಡ್ಡ ಇಡಬೇಕಾಗಿತ್ತು. ಗಂಡಸರು ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲೆ ಮೊರ ತೆಗೆದರೂ ಅದು ಅಲುಗಲಿಲ್ಲ. ಅಂದರೆ ಗಾಳಿ ಮುತ್ಯಾರ ಜೀವದ ಜೊತೆ ಹೋಗಿರಲಿಲ್ಲ. ಅವರ ಹೆಣದ ಜೊತೆ ಹೋಗಿತ್ತು.

ಸೊಸೆ ಮಾವನ ಎದುರು ನಿಂತು ಮಾತಾಡುವ ಕಾಲವಲ್ಲ ಅದು. ಬಾಗಿಲ ಹಿಂದೆ ನಿಂತು ಆಯಿಗೆ ಹೇಳಿದೆ, ಮಾವನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ: "ಆಯಿ, ಮುತ್ಯಾರನ್ನ ಒಯ್ದ ಮ್ಯಾಲೇ ಗಾಳಿ ನಿಂತದರಿ. ಹೊಲದಾಗ ಏನು ಮಾಡ್ಯಾರ ಕೇಳ್ರಿ."

"ಏನು ಮಾಡ್ತಾರ?" ಎಂದರು ಮಾವ. "ಕುಣಿ ತೋಡಿ ಕೂಡ್ರಿಸಿದ್ವಿ, ವಿಭೂತಿ ಪತ್ರಿ ಹಾಕಿ ಮುಚ್ಚಿದ್ವಿ. ಮಂದಿ ಭಾಳ ಕೂಡಿತ್ತು. ಯಾರರೆ ಬಿದ್ದಾರಂತ ಬಾಜೂಕಿನ ಹಾಳಬಾವಿ ಬಾಯಿಗಿ ಚಪ್ಪಡಿ ಎಳದ್ವಿ…"

ಅಲ್ಲಿಗೆ ಅವರೇ ಮಾತು ನಿಲ್ಲಿಸಿದರು. ಮೈಲೂರ ಕಡೆಯ ನಮ್ಮ ಹೊಲದಲ್ಲಿದ್ದ ಆ ಹಾಳುಬಾವಿ ಬಾವಿಯಲ್ಲ, ಸುರಂಗದ ಮೇಲ್ಬಾಯಿ. ನಮ್ಮ ಮನೆಯ ಕಡೆಗೆ ಬರುವ ಸುರಂಗದ ಕವಲಿಗೆ ಉಳಿದಿದ್ದುದು ಅದೊಂದೇ ಬಾಯಿ, ಮಿಕ್ಕವೆಲ್ಲ ಎಂದೋ ಕುಸಿದು ಮುಚ್ಚಿಹೋಗಿದ್ದವು. ಊದುಗೊಳವೆಯ ಒಂದು ತುದಿಗೆ ಬೆರಳಿಟ್ಟರೆ ಇನ್ನೊಂದು ತುದಿಯಲ್ಲಿ ಗಾಳಿ ಎಲ್ಲಿಂದ ಬರಬೇಕು?

ಗೊತ್ತಾಯಿತಲ್ಲ, ಇನ್ನೇನು ಕಲ್ಲು ಎತ್ತಿಸುತ್ತಾರೆ ಎಂದುಕೊಂಡೆ. ಮಾವ ಏಳಲಿಲ್ಲ. ಸಮಾಧಿಯ ಪಕ್ಕ ಸಪಾಟಾಗಿ ಸಿಕ್ಕಿತೆಂದು ಮೂರನೆಯ ದಿನದ ಎಡೆಯನ್ನು ಆ ಚಪ್ಪಡಿಯ ಮೇಲೆಯೇ ಇಟ್ಟಿದ್ದರಂತೆ. ಸೋಮವಾರದ ದೀಪವೂ ಅಲ್ಲಿಯೇ. "ವರ್ಷದ ತನಕ ಅಲ್ಲಾಡಸಬಾರ್ದು ಅಂತ ಮಠದ ಅಯ್ಯನವ್ರು ಹೇಳ್ಯಾರ. ಅಪ್ಪಗ ಸಿಟ್ಟು ಬಂದು ಕೂಸಿಗಿ ಹೆಚ್ಚುಕಮ್ಮಿ ಆದ್ರ?"

ನನಗೆ ಮೈಯೆಲ್ಲ ಉರಿಯಿತು. ಸತ್ತವರ ಸಿಟ್ಟಿಗೆ ಅಂಜುವ ಈ ಮನುಷ್ಯನಿಗೆ ಬದುಕಿರುವ ಕೂಸಿನ ಏದುಸಿರು ಕೇಳಿಸುವುದಿಲ್ಲವೇ? ಬಾಯಿ ಬಿಟ್ಟರೆ ಮನೆ ಎರಡಾಗುತ್ತದೆಂದು ತುಟಿ ಕಚ್ಚಿಕೊಂಡೆ. ಮಾತಾಡಿದವರು ಆಯಿ.

"ಲಿಂಗದಾಗ ಐಕ್ಯ ಆಗ್ಯಾರಂತ ಊರಿಗೆಲ್ಲಾ ನೀನೇ ಹೇಳಿದಿ. ಹಂಗಿದ್ರ ಆ ಕಲ್ಲಿಗಿ ಯಾಕ ಅಂಜ್ತಿ? ಸಿಟ್ಟು ಬಂದ್ರ ನನ್ನ ಮ್ಯಾಲೆ ಬರಲಿ. ಐವತ್ತು ವರ್ಷ ಅವರ ಸಿಟ್ಟು ಕಂಡಾಕಿ ನಾನು. ಹೋಗು, ತಗಿ."

ಮಾವ ಆಳುಗಳನ್ನು ಕರೆದುಕೊಂಡು ಸುಡುವ ಬಿಸಿಲಿನಲ್ಲಿ ಹೊಲಕ್ಕೆ ಹೋದರು. ನಾನು, ಆಯಿ, ಕೂಸು ನೆಲಮನೆಯಲ್ಲಿ ಕಾಯುತ್ತ ಕೂತೆವು. ಲೋಬಾನದ ಹೊಗೆ ನೆಟ್ಟಗೆ ನಿಂತೇ ಇತ್ತು. ಕೂಸು ಅಳುವುದನ್ನೂ ಬಿಟ್ಟಿತ್ತು. ಅದರ ಎದೆಯ ಮೇಲೆ ಅಂಗೈಯಿಟ್ಟು, ಏರುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ.

ಆಗ ಕಿಂಡಿಯೊಳಗೆ ದೂರದಲ್ಲಿ ಯಾರೋ ಕೆಮ್ಮಿದರು. ಹೌದು, ಕೆಮ್ಮು. ಆ ಕಾಲದ ಗಂಡಸರು ಒಳಮನೆಗೆ ಬರುವ ಮುಂಚೆ ಹೆಂಗಸರಿಗೆ ತಿಳಿಯಲೆಂದು ಕೆಮ್ಮುತ್ತಿದ್ದರಲ್ಲ, ಅಂಥ ಕೆಮ್ಮು. ಹೊಗೆ ಒಮ್ಮೆ ನಡುಗಿ ನಮ್ಮ ಕಡೆಗೆ ಬಾಗಿತು. ದೀಪ ಆರಿತು. ತಣ್ಣನೆಯ ಗಾಳಿ ಬಂತು, ಅದರೊಂದಿಗೆ ವಿಭೂತಿಯ ವಾಸನೆ, ಬಾಡಿದ ಬಿಲ್ವಪತ್ರಿಯ ವಾಸನೆ. ಕಲ್ಲು ಎಳೆಯುವಾಗ ಅದರ ಮೇಲಿದ್ದುದೆಲ್ಲ ಒಳಗೆ ಬಿತ್ತೆಂದು ಸಂಜೆ ಮಾವ ಹೇಳಿದರು. ಆ ಗಳಿಗೆಯಲ್ಲಿ ನಮಗದು ಗೊತ್ತಿರಲಿಲ್ಲ.

ಲಿಂಗೈಕ್ಯದ ನ್ಯಾಯ ಹೇಳಿ ಮಗನ ಬಾಯಿ ಮುಚ್ಚಿಸಿದ್ದ ಆಯಿ ಗಡಬಡಿಸಿ ತಲೆಯ ಮೇಲೆ ಸೆರಗೆಳೆದುಕೊಂಡರು. ಗೋಡೆಯ ಕಡೆಗೆ ಸರಿದು ಜಾಗ ಬಿಟ್ಟರು, ಬಂದವರು ಕೂಡಲಿ ಎನ್ನುವ ಹಾಗೆ.

ಆ ಉಸಿರು ಯಾರದೆಂದು ಕೇಳುವ ಧೈರ್ಯ ನನಗಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಕೂಸಿನ ಮೈಮೇಲಿನ ಅರಿವೆ ಬಿಚ್ಚಿ, ಅದನ್ನು ಕಿಂಡಿಯ ಬಾಯಿಗೇ ಹಿಡಿದೆ.