ಜಮೈಕಾದ ಮಟ್ಟು, ನಮ್ಮ ಭಜನೆ

ಇವತ್ತು ನನ್ನ ಕಾರಿನಲ್ಲೇ ನನ್ನ ಬಂಡವಾಳ ಬಯಲಾಯಿತು, ಗೆಳೆಯರೇ. ಪಸಡೀನಾದಿಂದ ಕ್ಯಾಲಬಾಸಸ್‌ನ ದೇವಸ್ಥಾನಕ್ಕೆ ಹೊರಟಿದ್ದೆವು. ರೇಡಿಯೋದಲ್ಲಿ ಯಾವುದೋ ಹೊಸ ಬ್ಯಾಂಡಿನ ಹಾಡು ಬಂತು. ಹಿಂದಿನ ಸೀಟಿನಲ್ಲಿದ್ದ, ನಮ್ಮ ಭಜನಾ ಮಂಡಳಿಯ ಹಿರಿಯರಾದ ಸರೋಜಮ್ಮ ಸಿಡಿದೆದ್ದರು.

"ಅಯ್ಯೋ, ಇದು ನಮ್ಮ ಗಣೇಶನ ಭಜನೆ ಕಣಪ್ಪಾ! ಮಟ್ಟು ಕದ್ದಿದ್ದಾರೆ. ರೇಡಿಯೋದವ್ರಿಗೆ ಒಂದು ಕಂಪ್ಲೇಂಟ್ ಬರಿ!"

ಕದ್ದವನು ನಾನು. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಈ ದೇಶಕ್ಕೆ ಬಂದು ಓದುತ್ತಿದ್ದಾಗ ನನ್ನ ರೂಮ್‌ಮೇಟ್ ಜಮೈಕಾದವನು. ಅವನ ಬಳಿಯಿದ್ದ, ರಾಕ್‌ಸ್ಟೆಡಿ ಎಂಬ ಅವರ ನಾಡಿನ ನಿಧಾನ ತಾಳದ ಸಂಗೀತದ ರೆಕಾರ್ಡಿನ ಮಟ್ಟಿಗೆ ಗಣೇಶನ ಹೆಸರು ಕೂಡಿಸಿ, ಮೈಸೂರಿನ ಹಳೇ ಭಜನೆ ಎಂದು ಮಂಡಳಿಗೆ ಹೇಳಿಕೊಟ್ಟಿದ್ದೆ. ಹದಿನೈದು ವರ್ಷದಿಂದ ಎಲ್ಲರೂ ಭಕ್ತಿಯಿಂದ ಹಾಡುತ್ತಿದ್ದಾರೆ. ಈ ಬ್ಯಾಂಡಿನವರು ಆ ರೆಕಾರ್ಡಿನ ಹಾಡನ್ನೇ ಚುರುಕಾಗಿ ಹಾಡಿದ್ದರು. ಟ್ರಂಪೆಟ್ ಇದ್ದ ಕಡೆ ಗಿಟಾರ್ ಬಂದಿತ್ತು, ತಳದ ಬೇಸ್ ನಾದ ಮಾತ್ರ ಅಂದಿನಂತೆಯೇ ತೂಗುತ್ತಿತ್ತು. ಈ ಹಾಡು ಇನ್ನೂ ಎಷ್ಟು ಮನೆ ತಿರುಗಿದೆಯೋ ಎಂದು ಕುತೂಹಲವಾಯಿತು.

ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ತಪ್ಪೊಪ್ಪಿಕೊಂಡೆ. ಹಾಡು ಮುಗಿಯುವವರೆಗೂ ಸರೋಜಮ್ಮ ತೊಡೆಯ ಮೇಲೆ ತಾಳ ಹಾಕಿದರು. ಆಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು:

"ಆ ಜಮೈಕಾದವ್ರ ಹತ್ರ ಮಂಗಳಾರತಿಗೆ ಆಗೋ ಅಂಥದ್ದು ಯಾವ್ದಾದ್ರೂ ಇದ್ಯೇನಪ್ಪಾ?"